ಭಾಗ್ಯ ಅಲ್ಲ, ಬಾಕಿ

(ವಿದ್ಯಾರ್ಥಿ ನಿಲಯದ ಗೆಳೆಯರ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ನಮ್ಮನ್ನು ಇಲ್ಲಿಗೆ ಕವಿತೆ ಓದಲಿಕ್ಕೆ ಕರೆದಿದ್ದೀರಿ. ಚೀಲದಲ್ಲಿ ಕವಿತೆಗಳು ಇದಾವೆ, ಊಟ ಆದಮೇಲೆ ಓದ್ತೀವಿ. ಅದಕ್ಕೆ ಮೊದಲು ಒಂದು ಕಾಗದದ ವಿಷಯ ಮಾತಾಡಬೇಕು.

ಈಚೆಗೆ ನಾವು ಮೂರು ಜನ, ಮೂವರೂ ಬಿ.ಎ. ಮಾಡಿದವರು, ನಮ್ಮ ಕೇರಿಯ ಜಗಲಿ ಮೇಲೆ ಕೂತಿದ್ವಿ. ಸಮಾಜ ಬದಲಾಗೋದು ಹೇಗೆ ಅಂತ ಜೋರು ಚರ್ಚೆ. ಅಷ್ಟೊತ್ತಿಗೆ ಕೂಲಿ ಮುಗಿಸಿ ಬಂದ ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಒಂದು ಕಾಗದ ತಂದು ನಮ್ಮ ಮುಂದೆ ಹಿಡಿದಳು. “ಇದ್ರಾಗೆ ಏನ್ ಬರ್ದೈತೆ ಓದ್ರಪ್ಪ. ಮಗೀಗೆ ಹದ್ನೆಂಟು ತುಂಬ್ತು” ಅಂದಳು. ಭಾಗ್ಯಲಕ್ಷ್ಮಿ ಬಾಂಡು. ಇಷ್ಟು ವರ್ಷ ಮನೆಯ ತೊಲೆ ಸಂದಿಯಲ್ಲಿ ಇದ್ದ ಕಾಗದ. ಒಂದು ಮೂಲೆ ಮಳೆಗೆ ನೆನೆದು ಅಂಟಿಕೊಂಡಿತ್ತು. ನಾವು ಓದಿದೆವು. ಸುಳ್ಳು ಯಾಕೆ ಹೇಳೋದು, ನಮಗೆ ಅರ್ಧ ಅರ್ಥ ಆಗಲಿಲ್ಲ. ಷೇಕ್ಸ್‌ಪಿಯರ್ ಮೇಲೆ ಹತ್ತು ಪುಟ ಬರೆದು ಪಾಸಾದವರು ನಾವು. ಆ ತಾಯಿ ಮುಂದೆ ತಲೆ ತಗ್ಗಿಸಿದ್ವಿ. ಅವತ್ತಿಂದ ಇಂಥ ಕಾಗದಗಳನ್ನು ಹುಡುಕಿ ಹುಡುಕಿ ಓದ್ತಾ ಇದೀವಿ.

ಕೇಳಿ. ಭಾಗ್ಯಲಕ್ಷ್ಮಿ ಶುರುವಾದದ್ದು 2006-07ರಲ್ಲಿ. ಬಡತನದ ರೇಖೆಯ ಕೆಳಗಿನ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಸರ್ಕಾರ ಆ ಕೂಸಿನ ಹೆಸರಲ್ಲಿ ಎಲ್‌ಐಸಿಯಲ್ಲಿ ದುಡ್ಡು ಇಡುತ್ತಿತ್ತು. ಮೊದಲು 10,000 ರೂಪಾಯಿ ಇತ್ತು. 2008ರಿಂದ ಮೊದಲನೇ ಮಗಳಿಗೆ 19,300, ಎರಡನೆಯವಳಿಗೆ 18,350 ಆಯಿತು. ಹದಿನೆಂಟು ತುಂಬಿದಾಗ ಅದು ಬೆಳೆದು ಸುಮಾರು ಒಂದು ಲಕ್ಷ ಆಗಬೇಕು ಅನ್ನೋದು ಲೆಕ್ಕ. 2020ರಲ್ಲಿ ಎಲ್‌ಐಸಿ ಬಿಟ್ಟು ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಬದಲಾಯಿಸಿದರು. ವರ್ಷಕ್ಕೆ 3,000ದಂತೆ ಹದಿನೈದು ವರ್ಷ, ಕೈಗೆ ಬರೋದು ಇಪ್ಪತ್ತೊಂದು ತುಂಬಿದ ಮೇಲೆ.

ಇನ್ನು ಷರತ್ತು. ಹುಟ್ಟಿದ್ದು ನೋಂದಣಿ ಆಗಿರಬೇಕು. ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ಚುಚ್ಚುಮದ್ದು ಹಾಕಿಸಿರಬೇಕು. ಕನಿಷ್ಠ ಎಂಟನೇ ಕ್ಲಾಸು ಓದಿರಬೇಕು. ಕೂಲಿಗೆ ಹೋಗಿರಬಾರದು. ಹದಿನೆಂಟಕ್ಕೆ ಮೊದಲು ಮದುವೆ ಆಗಿರಬಾರದು. ಒಂದು ಮನೆಗೆ ಎರಡೇ ಹೆಣ್ಣುಮಕ್ಕಳು.

ಒಂದೊಂದೇ ನೋಡಿದರೆ ಯಾವುದೂ ಕೆಟ್ಟ ಮಾತಲ್ಲ. ಹುಡುಗಿ ಓದಲಿ, ಬೇಗ ಮದುವೆ ಬೇಡ, ಇದನ್ನೇ ತಾನೆ ನಾವೂ ಹೇಳೋದು. ಆದರೆ ನಮ್ಮ ಕೇರಿಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಇನ್ನೊಂದು ಸಲ ಓದಿ. ಆರನೇ ಕ್ಲಾಸಿಗೆ ಸ್ಕೂಲು ಬಿಟ್ಟು ತಮ್ಮನನ್ನು ಸೊಂಟದ ಮೇಲೆ ಹೊತ್ತವಳು ಯಾರು? ಅವ್ವನ ಜೊತೆ ಕಳೆ ಕೀಳಲು ಹೋದವಳು ಯಾರು? ಅಪ್ಪ ಸಾಲದಲ್ಲಿ ಮುಳುಗಿದಾಗ ಹದಿನಾರಕ್ಕೆ ತಾಳಿ ಕಟ್ಟಿಸಿಕೊಂಡವಳು ಯಾರು? ಮದುವೆ ಮಾಡಿದವರು ದೊಡ್ಡವರು, ದುಡ್ಡು ಕಳಕೊಂಡವಳು ಹುಡುಗಿ. ಬಡತನ ತಪ್ಪಿಸಲಿಕ್ಕೆ ಇಟ್ಟ ದುಡ್ಡು, ಬಡತನ ಹೆಚ್ಚಾಗಿರೋ ಮನೆಯಲ್ಲೇ ಮೊದಲು ಕೈತಪ್ಪುತ್ತೆ.

ಹೆಸರು ಬೇರೆ ನೋಡಿ, ಭಾಗ್ಯ! ಭಾಗ್ಯ ಅಂದರೆ ಹಣೇಲಿ ಬರೆದದ್ದು. ಬಂದರೆ ಬಂತು, ಬರದಿದ್ದರೆ ಹಣೆಬರಹ ಅಂತ ಸುಮ್ಮನಿರಬೇಕು. ಇದೇ ಹಣೆಬರಹದ ಮಾತು ಹೇಳಿ ನಮ್ಮನ್ನು ಸಾವಿರಾರು ವರ್ಷ ಊರಾಚೆ ಇಟ್ಟರು. ಕೂಲಿ ಬಾಕಿ ಇದ್ದರೆ ನಾವು ಭಾಗ್ಯ ಕೊಡಿ ಅಂತ ಕೇಳ್ತೀವಾ? ಬಾಕಿ ಚುಕ್ತಾ ಮಾಡಿ ಅಂತೀವಿ.

ಮಕ್ಕಳನ್ನು ಹೆತ್ತು ಸಾಕೋದು ತಾಯಿಯೊಬ್ಬಳ ತಾಪತ್ರಯ ಅಲ್ಲ, ದೇಶದ ಕೆಲಸ, ಅದರ ಹೊರೆಯಲ್ಲಿ ದೊಡ್ಡ ಪಾಲು ಸರ್ಕಾರ ಹೊರಬೇಕು. ಈ ಮಾತನ್ನು 1928ರಲ್ಲೇ ಮುಂಬೈ ವಿಧಾನ ಪರಿಷತ್ತಿನಲ್ಲಿ ಎದ್ದು ನಿಂತು ವಾದಿಸಿದವರು ಬಾಬಾಸಾಹೇಬರು. ಕಾರ್ಖಾನೆ ಹೆಂಗಸರ ಹೆರಿಗೆ ಭತ್ಯೆಯ ಮಸೂದೆ ಅದು, ಮಾರನೇ ವರ್ಷ ಕಾಯಿದೆ ಆಯಿತು. ಸಂವಿಧಾನದ ಅಂಬೇಡ್ಕರ್ ನಮ್ಮ ಗೋಡೆ ಮೇಲಿದ್ದಾರೆ. ಬಾಣಂತಿಗೆ ಕೂಲಿ ಕೇಳಿದ ಅಂಬೇಡ್ಕರ್ ನಮಗೆ ಅಷ್ಟಾಗಿ ಗೊತ್ತಿಲ್ಲ.

ಆಮೇಲೆ ಇಡೀ ದೇಶಕ್ಕೆ 1961ರಲ್ಲಿ ಹೆರಿಗೆ ಭತ್ಯೆ ಕಾಯಿದೆ ಬಂತು. 2017ರಲ್ಲಿ ಹನ್ನೆರಡು ವಾರದ ರಜೆ ಇಪ್ಪತ್ತಾರು ವಾರ ಆಯಿತು. ಒಳ್ಳೇದೇ. ಆದರೆ ಅದು ಕಾರ್ಖಾನೆ, ಗಣಿ, ತೋಟ, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರೋ ಅಂಗಡಿ ಕಚೇರಿಗಳ ಮಾತು. ಗೌಡರ ಗದ್ದೆಯಲ್ಲಿ ನಾಟಿ ಹಾಕೋಳಿಗೆ ರಜೆ ಕೊಡೋರು ಯಾರು? ಅವಳ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಅವಳ ನೆನಪು ಬಂದದ್ದು 2013ರಲ್ಲಿ. ಆಹಾರ ಭದ್ರತಾ ಕಾಯಿದೆಯ ನಾಲ್ಕನೇ ಕಲಮನ್ನು ನೀವು ಓದಲೇಬೇಕು. ಸರ್ಕಾರಿ ನೌಕರಿಯಲ್ಲಿ ಇರೋರನ್ನು, ಬೇರೆ ಕಾನೂನಿನಲ್ಲಿ ಇಂಥದೇ ಭತ್ಯೆ ಪಡೆಯೋರನ್ನು ಬಿಟ್ಟು ಪ್ರತಿಯೊಬ್ಬ ಬಸುರಿ ಬಾಣಂತಿಗೂ 6,000ಕ್ಕೆ ಕಡಿಮೆ ಇಲ್ಲದ ಹಣ ಅಂತ ಅದು ಹೇಳುತ್ತೆ. ಪ್ರತಿಯೊಬ್ಬ ಅಂತ. ಆದರೆ ಅದರ ಹೆಸರಿನಲ್ಲಿ 2017ರಲ್ಲಿ ಬಂದ ಪ್ರಧಾನಮಂತ್ರಿ ಮಾತೃವಂದನಾ ಯೋಜನೆ ಕೊಟ್ಟದ್ದು 5,000, ಅದೂ ಮೊದಲ ಮಗುವಿಗೆ ಮಾತ್ರ. 2022ರಿಂದ ಎರಡನೇ ಮಗು ಹೆಣ್ಣಾದರೆ 6,000 ಅಂತ ಸೇರಿಸಿದರು. ಎರಡನೆಯದು ಗಂಡಾದರೆ? ಮೂರನೇ ಬಸುರಿಯಾದರೆ? ಆಗ ಅವಳಿಗೆ ಹಸಿವು ಆಗೋದಿಲ್ವೇನೋ. ಕಾನೂನು ಕೊಟ್ಟದ್ದನ್ನು ಯೋಜನೆ ಕಿತ್ತುಕೊಳ್ಳೋದು ಅಂದರೆ ಹೀಗೆ. ಗದ್ದಲ ಇಲ್ಲ, ಒಂದು ಸುತ್ತೋಲೆ ಸಾಕು.

ದುಡ್ಡು ಯಾರ ಕೈಗೆ ಅನ್ನೋದು ಇನ್ನೊಂದು ಜಗಳ. ಬ್ರಿಟನ್ನಿನಲ್ಲಿ 1945ರಲ್ಲಿ ಮಕ್ಕಳ ಭತ್ಯೆಯ ಕಾಯಿದೆ ಬಂದಾಗ ಮಸೂದೆಯಲ್ಲಿ ಮೊದಲು ಇದ್ದದ್ದು ಅಪ್ಪನ ಹೆಸರು. ಎಲೀನರ್ ರಾಥ್‌ಬೋನ್ ಅನ್ನೋ ಹೆಣ್ಣುಮಗಳು ಪಾರ್ಲಿಮೆಂಟಿನಲ್ಲಿ ಹಟ ಹಿಡಿದು ತಾಯಿಯ ಕೈಗೆ ಕೊಡಿಸಿದಳು. ಶ್ರೀಮಂತ ಬಡವ ಅಂತ ಕೇಳದೆ, ಎರಡನೇ ಮಗುವಿನಿಂದ ಮಗುವೊಂದಕ್ಕೆ ವಾರಕ್ಕೆ ಐದು ಷಿಲಿಂಗ್. ನಮ್ಮಲ್ಲಿ 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಶುರುವಾದ ಗೃಹಲಕ್ಷ್ಮಿಯ 2,000 ಕೂಡ ಹೆಂಗಸಿನ ಖಾತೆಗೇ, ಮಕ್ಕಳ ಲೆಕ್ಕ ಕೇಳದೆ. ಇದು ದೊಡ್ಡದು, ಒಪ್ಪೋಣ. ಆದರೆ ಅದು ರೇಷನ್ ಕಾರ್ಡಿನ ಯಜಮಾನಿಗೆ. ಒಂದೇ ಕಾರ್ಡಿನಲ್ಲಿ ಇರೋ ಸೊಸೆಗೆ ಮೂರು ಮಕ್ಕಳಿದ್ದರೂ ಅತ್ತೆ ಕೊಟ್ಟಷ್ಟೇ.

ಇನ್ನು ನಮ್ಮ ಹೊಟ್ಟೆಯೊಳಗಿನ ಮಾತು. 1977-78ರಿಂದ ಒಂದು ವಿದ್ಯಾರ್ಥಿ ವೇತನ ಇದೆ. ಮಲ ಬಾಚುವವರ, ಚರ್ಮ ಸುಲಿಯುವವರ, ಹದ ಮಾಡುವವರ ಮಕ್ಕಳಿಗೆ. ಈಚೆಗೆ ಚಿಂದಿ ಆಯುವವರ ಮಕ್ಕಳನ್ನೂ ಸೇರಿಸಿದ್ದಾರೆ. ಒಂದರಿಂದ ಹತ್ತನೇ ಕ್ಲಾಸಿನವರೆಗೆ, ಆದಾಯದ ಮಿತಿ ಇಲ್ಲ. 2022ರ ನಿಯಮದ ಪ್ರಕಾರ ಮನೆಯಿಂದ ಹೋಗೋರಿಗೆ ವರ್ಷಕ್ಕೆ 3,500, ಹಾಸ್ಟೆಲಿನವರಿಗೆ 8,000. ಅದರ ಹೆಸರಿನಲ್ಲೇ ‘ಮಲಿನ ವೃತ್ತಿ’ ಅಂತಿದೆ. ಅಪ್ಪ ಆ ಕೆಲಸ ಮಾಡ್ತಾನೆ ಅಂತ ಸರ್ಟಿಫಿಕೇಟ್ ತರಬೇಕು. ನಮ್ಮಲ್ಲೊಬ್ಬ ಅದನ್ನು ಪುಸ್ತಕದ ನಡುವೆ ಮಡಿಸಿ ಬಚ್ಚಿಟ್ಟುಕೊಂಡು, ಕೊನೇ ದಿನದವರೆಗೂ ಕೊಡದೆ ಓಡಾಡಿದ. ಕ್ಲಾಸಿನಲ್ಲಿ ಯಾರಾದರೂ ಓದಿಬಿಟ್ಟರೆ ಅಂತ. ಕೊಡಲೇ ಇಲ್ಲ. ಆ ವರ್ಷದ ದುಡ್ಡು ಹೋಯಿತು, ಅಪ್ಪ ಮಾತ್ರ ಅದೇ ಚರಂಡಿಗೆ ಇಳೀತಾ ಇದ್ದ. ತಮ್ಮಂದಿರಾ, ತಂಗಿಯರಾ, ಆ ಕಾಗದ ನೋಡಿ ನಾಚಬೇಕಾದವರು ಆ ಕೆಲಸಕ್ಕೆ ನಮ್ಮ ಅಪ್ಪಂದಿರನ್ನು ಇಳಿಸಿದವರು. ನೀವು ಅದನ್ನು ಮೇಜಿನ ಮೇಲೆ ಬಿಡಿಸಿ ಇಡಿ, ರಸೀದಿ ಕೇಳಿ.

ಆ ತಾಯಿಯ ಕಥೆ ಮುಗಿದಿಲ್ಲ. ಬಾಂಡಿನಲ್ಲಿ ಮಗಳ ಹೆಸರು ಒಂದು, ಸ್ಕೂಲಿನಲ್ಲಿ ಮೇಷ್ಟ್ರು ಬರಕೊಂಡದ್ದು ಇನ್ನೊಂದು, ಆಧಾರಿನಲ್ಲಿ ಮೂರನೇದು. ಕಚೇರಿಯಲ್ಲಿ “ಮೂವರಲ್ಲಿ ನಿನ್ನ ಮಗಳು ಯಾರಮ್ಮ?” ಅಂತ ಕೇಳಿ ನಕ್ಕರಂತೆ. ಮೂರು ದಿನದ ಕೂಲಿ ಬಿಟ್ಟು ಓಡಾಡಿದ್ದಾಳೆ. ನಾವು ಜೊತೆಗೆ ಹೋಗ್ತಿದ್ದೇವೆ. ಹುಟ್ಟಿದ ದಾಖಲೆ ತೆಗೆಸಿದ್ದಾಯಿತು, ಅಂಗನವಾಡಿಯ ಹಳೇ ದಾಖಲಾತಿ ಪುಸ್ತಕದಲ್ಲಿ ಹೆಸರು ಸಿಕ್ಕಿದೆ, ಇನ್ನೂ ಒಂದು ಸಹಿ ಬಾಕಿ ಇದೆ.

ಸರಿ, ಊಟದ ಗಂಟೆ ಹೊಡೆಯೋಕೆ ಇನ್ನೂ ಹೊತ್ತಿದೆ. ಪೆನ್ನು ಇರೋರು ಮುಂದೆ ಬನ್ನಿ. ನಿಮ್ಮ ನಿಮ್ಮ ಕೇರಿಯಲ್ಲಿ 2006ರಿಂದ 2020ರ ನಡುವೆ ಹುಟ್ಟಿದ ಹೆಣ್ಣುಮಕ್ಕಳು ಯಾರ್‍ಯಾರು, ಬಾಂಡು ಮನೆಯಲ್ಲಿದೆಯೋ ಸಾಲಕ್ಕೆ ಯಾರ ಮನೆಯಲ್ಲಾದರೂ ಕೂತಿದೆಯೋ, ಅದರಲ್ಲಿರೋ ಹೆಸರು ಸ್ಕೂಲಿನ ಹೆಸರಿಗೆ ಹೊಂದುತ್ತೋ ಇಲ್ಲವೋ, ಗೊತ್ತಿದ್ದಷ್ಟು ಈಗಲೇ ಬರೀರಿ. ಗೊತ್ತಿಲ್ಲದ್ದನ್ನು ರಜೆಗೆ ಊರಿಗೆ ಹೋದಾಗ ಅವ್ವನ್ನ ಕೇಳಿ.