ವಿಮಾನದ ರೇಡಿಯೋ ಸಂಖ್ಯೆಗಳು
(ಸಂಘದ ವಿದ್ಯಾರ್ಥಿ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣ)



ನಿಮ್ಮಲ್ಲಿ ಅನೇಕರ ಮನೆಯವರು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿದ್ದಾರೆ. ಅವರನ್ನು ಬೀಳ್ಕೊಡಲು ಹೋದಾಗ ವಿಮಾನ ಮೇಲೇರುವುದನ್ನು ನೋಡಿರುತ್ತೀರಿ. ಆದರೆ ಅದನ್ನು ಸುರಕ್ಷಿತವಾಗಿ ನಡೆಸುವ ಮಾತುಗಳು ನಮಗೆ ಕೇಳಿಸುವುದಿಲ್ಲ. ಇಂದು ಅದರ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ.

ನಮ್ಮ ಎಫ್.ಎಂ. ರೇಡಿಯೋ 108 ಮೆಗಾಹರ್ಟ್ಸ್‌ಗೆ ಮುಗಿಯುತ್ತದೆ. ಅಲ್ಲಿಂದ ಸುಮಾರು 118ರವರೆಗಿನ ಆವರ್ತನಗಳು ವಿಮಾನಕ್ಕೆ ದಾರಿ ತೋರುವ ಉಪಕರಣಗಳಿಗೆ ಮೀಸಲು. 118ರಿಂದ 137ರವರೆಗೆ ಪೈಲಟ್ ಮತ್ತು ನೆಲದ ಮೇಲಿನ ಕಂಟ್ರೋಲರ್ ನಡುವಿನ ಮಾತುಕತೆ. ತುರ್ತು ಸಂದರ್ಭಕ್ಕೆ ಜಗತ್ತಿನಾದ್ಯಂತ ಒಂದೇ ಸಂಖ್ಯೆ: 121.5.

ದೊಡ್ಡ ನಿಲ್ದಾಣಗಳಲ್ಲಿ ಪ್ರತಿ ಕೆಲಸಕ್ಕೂ ಬೇರೆ ಸಂಖ್ಯೆ ಇರುತ್ತದೆ. ನೆಲದ ಮೇಲೆ ಚಲಿಸುವಾಗ ‘ಗ್ರೌಂಡ್’, ರನ್‌ವೇ ಬಳಸುವಾಗ ‘ಟವರ್’, ನಿಲ್ದಾಣದ ಸುತ್ತಲಿನ ಆಕಾಶಕ್ಕೆ ‘ಅಪ್ರೋಚ್’, ದೂರದ ಹಾದಿಗೆ ‘ಕಂಟ್ರೋಲ್’. ಒಂದು ಹಂತ ಮುಗಿದಾಗ ಕಂಟ್ರೋಲರ್ ಮುಂದಿನ ಸಂಖ್ಯೆ ಹೇಳುತ್ತಾರೆ. ಪೈಲಟ್ ಅದನ್ನು ತಿರುಗಿ ಹೇಳಬೇಕು. ಇದಕ್ಕೆ ‘ರೀಡ್‌ಬ್ಯಾಕ್’ ಎನ್ನುತ್ತಾರೆ. ಅಂಕಿಗಳನ್ನು ಒಂದೊಂದಾಗಿ ಉಚ್ಚರಿಸಬೇಕು. ಗದ್ದಲದಲ್ಲಿ ಐದು, ಒಂಬತ್ತು ಒಂದೇ ತರಹ ಕೇಳಿಸಬಾರದೆಂದು ‘ಫೈಫ್’, ‘ನೈನರ್’ ಎನ್ನುತ್ತಾರೆ.

ವಿಮಾನಗಳು ಹೆಚ್ಚಿದಂತೆ ಸಂಖ್ಯೆಗಳು ಸಾಲದಾದವು. ಯುರೋಪಿನಲ್ಲಿ 25 ಕಿಲೋಹರ್ಟ್ಸ್ ಅಂತರದ ಒಂದು ಚಾನಲ್‌ನ ಜಾಗವನ್ನು ಮೂರು ಪಾಲು ಮಾಡಿದರು. ಅಲ್ಲಿ 118.005 ಎಂದರೆ ನಿಜವಾದ ಆವರ್ತನವಲ್ಲ, 118.000 ಆವರ್ತನದಲ್ಲೇ ಇರುವ ಕಿರಿದಾದ ಚಾನಲ್‌ನ ಹೆಸರು. ಆದ್ದರಿಂದ ಕೊನೆಯ ಅಂಕಿಯನ್ನೂ ಕಡೆಗಣಿಸುವಂತಿಲ್ಲ.

ಒಂದು ಚಾನಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತನಾಡಬಹುದು. 1977ರ ಮಾರ್ಚ್ 27ರಂದು ಸ್ಪೇನ್‌ನ ಟೆನೆರಿಫ್ ದ್ವೀಪದಲ್ಲಿ ಮಂಜು ಕವಿದಿತ್ತು. ಕಾಯಿರಿ ಎಂದು ಕಂಟ್ರೋಲರ್ ಹೇಳಿದ ಮಾತು, ನಾವಿನ್ನೂ ರನ್‌ವೇ ಮೇಲಿದ್ದೇವೆ ಎಂದು ಇನ್ನೊಂದು ವಿಮಾನದವರು ಹೇಳಿದ ಮಾತು, ಎರಡೂ ಒಂದೇ ಕ್ಷಣದಲ್ಲಿ ಬಂದವು. ಹೊರಡುತ್ತಿದ್ದ ವಿಮಾನದಲ್ಲಿ ಕೇಳಿಸಿದ್ದು ಬಹುಪಾಲು ಕೀರಲು ಸದ್ದು. ಸಂಶಯ ಬಂದರೂ ವಿಮಾನ ನಿಲ್ಲಲಿಲ್ಲ. ಎರಡು ವಿಮಾನಗಳು ಡಿಕ್ಕಿಯಾಗಿ 583 ಜನ ಪ್ರಾಣ ಕಳೆದುಕೊಂಡರು. ಆ ಬಳಿಕ ರೇಡಿಯೋ ಮಾತಿನ ನಿಯಮಗಳು ಇನ್ನಷ್ಟು ಬಿಗಿಯಾದವು.

ವಿದ್ಯಾರ್ಥಿಗಳೇ, ಕಂಟ್ರೋಲರ್ ಹುದ್ದೆ ನಮ್ಮ ಕೈಗೆ ನಿಲುಕದ್ದಲ್ಲ. ಭೌತಶಾಸ್ತ್ರ, ಗಣಿತ ಓದಿದ ಬಿ.ಎಸ್ಸಿ. ಪದವೀಧರರೂ ಇಂಜಿನಿಯರುಗಳೂ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ ಪರೀಕ್ಷೆ ಬರೆಯಬಹುದು. ಸ್ಪಷ್ಟವಾದ ಇಂಗ್ಲಿಷ್ ಬೇಕು. ಧ್ವನಿ ಪರೀಕ್ಷೆಯೂ ಇದೆ.

ಯಾವ ಕೆಲಸಕ್ಕೇ ಹೋಗಿ, ಒಂದು ಮಾತು ನೆನಪಿಡಿ. ಸಾವಿರಾರು ಗಂಟೆ ಹಾರಿದ ಪೈಲಟ್ ಕೂಡ ಕೇಳಿಸದಿದ್ದರೆ ‘ಮತ್ತೊಮ್ಮೆ ಹೇಳಿ’ ಎನ್ನುತ್ತಾನೆ. ಹಾಗಿರುವಾಗ ತರಗತಿಯಲ್ಲಿ ಅರ್ಥವಾಗದ್ದನ್ನು ಕೇಳಲು ನಿಮಗೇಕೆ ನಾಚಿಕೆ? ಕೇಳಿ, ತಿರುಗಿ ಹೇಳಿ, ಖಚಿತ ಮಾಡಿಕೊಳ್ಳಿ.