ಕಾಡಿನ ಅಣಬೆ ಯಾರದು?

(ಪಕ್ಷದ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಭೂಮಿ, ಕೂಲಿ, ತೆರಿಗೆ ಇವುಗಳ ಮೇಲೆ ನಿನ್ನೆಯಿಂದ ಚರ್ಚೆ ನಡೆಸಿದ್ದೇವೆ. ಈಗ ಅಣಬೆಯ ಮಾತೆತ್ತಿದರೆ ಕೆಲವರಿಗೆ ನಗು ಬಂದೀತು. ಊಟದ ಹೊತ್ತಾಯಿತೆಂದು ಅಣಬೆಯ ನೆನಪಾಯಿತೇ ಎಂದು ಕೇಳಿಯಾರು. ಆದರೆ ಕಾಡಿನಲ್ಲಿ ಅಣಬೆ ಆರಿಸುವ ಹಕ್ಕನ್ನು ತನ್ನ ಸಂವಿಧಾನದಲ್ಲಿಯೇ ಕಾಪಾಡಿರುವ ರಾಜ್ಯವೊಂದು ಈ ಲೋಕದಲ್ಲಿದೆ. ಆ ಸಂವಿಧಾನದ ಕರಡು ಸಿದ್ಧಪಡಿಸುವುದರಲ್ಲಿ ಮುಂದಾಗಿದ್ದವರು ಒಬ್ಬ ಸಮಾಜವಾದಿ. ಅದು ನಾವು ತಿಳಿದಿರಬೇಕಾದ ಕಥೆ.

ಜರ್ಮನಿಯ ದಕ್ಷಿಣದಲ್ಲಿ ಬವೇರಿಯಾ ಎಂಬ ರಾಜ್ಯವಿದೆ. ಬೇಸಿಗೆ ಕಳೆದು ಎಲೆಯ ಬಣ್ಣ ತಿರುಗುವ ಶರತ್ಕಾಲದಲ್ಲಿ, ಮಳೆ ಬಿದ್ದ ಮೇಲೆ, ಅಲ್ಲಿನ ಸ್ಪ್ರೂಸ್ ಮತ್ತು ಬೀಚ್ ಮರಗಳ ಕೆಳಗೆ ಅಣಬೆ ಏಳುತ್ತದೆ. ಕಂದು ಟೊಪ್ಪಿಗೆಯ, ದಪ್ಪ ಕಾಲಿನ ಒಂದು ಜಾತಿಯನ್ನು ಅವರು ಸ್ಟೈನ್‌ಪಿಲ್ಜ್ ಎನ್ನುತ್ತಾರೆ. ಹಾಗೆಂದರೆ ಕಲ್ಲಣಬೆ. ಹೆಸರು ಒಂದೇ ಆದರೂ ನಮ್ಮ ಕಲ್ಲಣಬೆ ಬೇರೆ. ಅರಿಸಿನ ಬಣ್ಣದ ಇನ್ನೊಂದು ಜಾತಿಗೆ ಫಿಫರ್ಲಿಂಗ್ ಎಂದು ಹೆಸರು. ಬೆಳಗಾದರೆ ಮುದುಕರು, ಮಕ್ಕಳು, ಕಾರ್ಖಾನೆಗೆ ರಜೆ ಇದ್ದ ಕೂಲಿಗಳು ಬುಟ್ಟಿ, ಚಾಕು ಹಿಡಿದು ಕಾಡು ಸೇರುತ್ತಾರೆ.

ಈ ಎರಡು ಅಣಬೆಗಳನ್ನು ಭತ್ತದಂತೆ ಬಿತ್ತಿ ಬೆಳೆಯುವುದಿಲ್ಲ. ನಾವು ಕೀಳುವುದು ಹಣ್ಣು ಮಾತ್ರ. ಅದರ ಒಡಲು ಮಣ್ಣಿನೊಳಗೆ ನೂಲಿನಂತೆ ಹರಡಿ ಮರದ ಬೇರನ್ನು ಸುತ್ತಿಕೊಂಡಿರುತ್ತದೆ. ನೂಲು ಮರಕ್ಕೆ ನೀರು, ಲವಣ ಒದಗಿಸುತ್ತದೆ. ಮರ ನೂಲಿಗೆ ಸಕ್ಕರೆ ಕೊಡುತ್ತದೆ. ಈ ಕೊಡುಕೊಳ್ಳುವಿಕೆಯಲ್ಲಿ ಕಾಡಿನ ಒಡೆಯನದೆಂದು ಹೇಳಿಕೊಳ್ಳುವವನ ಒಂದು ಹನಿ ಬೆವರೂ ಇಲ್ಲ. ಹೀಗಿರುವಾಗ ಅಣಬೆ ಅವನದು ಹೇಗಾಯಿತು?

ಪ್ರಶ್ನೆ ಹಳೆಯದು. ಜರ್ಮನಿಯ ರೈನ್ ಪ್ರಾಂತದ ಶಾಸನ ಸಭೆಯಲ್ಲಿ, ಕಾಡಿನಲ್ಲಿ ತಾನಾಗಿ ಬಿದ್ದ ಪುರಳೆ ಆರಿಸುವುದನ್ನೂ ಕಳ್ಳತನವೆಂದು ಕರೆಯುವ ಕಾನೂನಿನ ಚರ್ಚೆ ನಡೆದಿತ್ತು. 1842ರಲ್ಲಿ 24 ವರ್ಷದ ಕಾರ್ಲ್ ಮಾರ್ಕ್ಸ್ ಕೊಲೋನಿನ ಪತ್ರಿಕೆಯೊಂದರಲ್ಲಿ ಅದನ್ನು ಖಂಡಿಸಿ ಬರೆದರು. ಬಡ ಮಕ್ಕಳು ಆರಿಸುವ ಕಾಡುಹಣ್ಣಿನ ಮಾತೂ ಆ ಬರಹದಲ್ಲಿ ಬರುತ್ತದೆ. ತಾವು ಮೊದಲು ಅರ್ಥಶಾಸ್ತ್ರದ ಕಡೆ ತಿರುಗಲು ಈ ಚರ್ಚೆಯೂ ಕಾರಣವಾಯಿತೆಂದು 1859ರಲ್ಲಿ ಅವರೇ ಹೇಳಿಕೊಂಡರು. ಮಾರ್ಕ್ಸರೊಡನೆ ಎಲ್ಲದರಲ್ಲಿಯೂ ನಮ್ಮ ಸಹಮತವಿಲ್ಲ. ಆದರೆ ಪುರಳೆಯ ಕಟ್ಟಿನಲ್ಲಿ ಆಸ್ತಿಯ ಪ್ರಶ್ನೆಯನ್ನು ಕಂಡ ಕಣ್ಣು ದೊಡ್ಡದು.

ಒಂದು ಶತಮಾನದ ಮೇಲೆ ಬವೇರಿಯಾದಲ್ಲಿ ವಿಲ್‌ಹೆಲ್ಮ್ ಹೋಗ್ನರ್ ಎಂಬವರಿದ್ದರು. ರೈಲ್ವೆ ಕಾರ್ಮಿಕನ ಮಗ, ವಕೀಲರು, ಸೋಶಿಯಲ್ ಡೆಮೊಕ್ರಾಟ್ ಪಕ್ಷದವರು. 1933ರಲ್ಲಿ ನಾಜಿಗಳ ಕೈಗೆ ಸಿಗದೆ ದೇಶ ಬಿಟ್ಟು, ಸ್ವಿಟ್ಸರ್ಲೆಂಡಿನಲ್ಲಿ ವರ್ಷಗಟ್ಟಲೆ ಕಳೆದು, 1945ರಲ್ಲಿ ಹಿಂತಿರುಗಿ ರಾಜ್ಯದ ಮುಖ್ಯಮಂತ್ರಿಯಾದರು. ಹೊಸ ಸಂವಿಧಾನಕ್ಕೆ ಅವರ ಕರಡೇ ಆಧಾರವಾಯಿತು. 1946ರ ಡಿಸೆಂಬರ್ 1ರಂದು ಜನರು ಮತ ಹಾಕಿ ಅದನ್ನು ಒಪ್ಪಿದರು. ಅದರ 141ನೆಯ ವಿಧಿಯಲ್ಲಿ, ಕಾಡಿನಲ್ಲಿ ತಿರುಗಾಡಲು, ತಾನಾಗಿ ಬೆಳೆದ ಕಾಡಿನ ಫಲಗಳನ್ನು ಸ್ಥಳದ ವಾಡಿಕೆಯ ಪ್ರಮಾಣದಲ್ಲಿ ತೆಗೆದುಕೊಳ್ಳಲು ಎಲ್ಲರಿಗೂ ಅವಕಾಶವಿದೆ. ಜನರು ಅದಕ್ಕೆ ಪ್ರೀತಿಯಿಂದ ಅಣಬೆಯ ವಿಧಿ ಎಂದೇ ಹೆಸರಿಟ್ಟಿದ್ದಾರೆ. ಬೆಟ್ಟಕ್ಕೂ ಕೆರೆಗೂ ಹೊಳೆಗೂ ಜನರಿಗೆ ದಾರಿ ಬಿಡಿಸಿಕೊಡುವುದು ಸರ್ಕಾರದ ಕರ್ತವ್ಯ, ಬೇಕಾದರೆ ಖಾಸಗಿ ಆಸ್ತಿಯ ಹಕ್ಕನ್ನು ಮಿತಗೊಳಿಸಿಯಾದರೂ ಸರಿ ಎಂದು ಅದೇ ವಿಧಿ ಹೇಳುತ್ತದೆ.

ಇಲ್ಲಿ ಎರಡು ಮಾತುಗಳನ್ನು ಗಮನಿಸಿ. "ಎಲ್ಲರಿಗೂ" ಎಂಬುದು ಒಂದು. ಕಾಡು ಯಾರ ಹೆಸರಿನಲ್ಲಿದೆ ಎಂಬ ಕೇಳಿಕೆ ಅಲ್ಲಿಲ್ಲ. "ವಾಡಿಕೆಯ ಪ್ರಮಾಣ" ಎಂಬುದು ಇನ್ನೊಂದು. ಮನೆಯ ಸಾರಿಗೆ ಬುಟ್ಟಿ ತುಂಬುವವರಿಗೆ ತಡೆಯಿಲ್ಲ. ವ್ಯಾಪಾರಕ್ಕೆ ಗಾಡಿ ತುಂಬುವವನು ಪರವಾನಗಿ ತೆಗೆದುಕೊಳ್ಳಬೇಕು. ಹಸಿವಿಗೂ ಲಾಭಕ್ಕೂ ಕಾನೂನು ಭೇದ ಮಾಡಿದೆ.

ಬಡವರು ಆರಿಸಿದರೆ ಕಾಡು ಹಾಳಾಗುವುದಿಲ್ಲವೇ ಎಂದು ದೊಡ್ಡವರು ಕೇಳುತ್ತಾರೆ. ಸ್ವಿಟ್ಸರ್ಲೆಂಡಿನಲ್ಲಿ 1975ರಿಂದ ಮೂರು ದಶಕಗಳ ಹತ್ತಿರ ಇದನ್ನೇ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಿತ್ತದ್ದರಿಂದ ಅಣಬೆಯ ಪ್ರಮಾಣವೂ ಕಡಿಮೆಯಾಗಲಿಲ್ಲ, ಜಾತಿಗಳೂ ಕಡಿಮೆಯಾಗಲಿಲ್ಲ. ನೆಲವನ್ನು ತುಳಿದಲ್ಲಿ ಮಾತ್ರ ಏಳುವ ಅಣಬೆಗಳ ಸಂಖ್ಯೆ ಇಳಿಯಿತು. ಆದ್ದರಿಂದ ಕಲಿಯಬೇಕಾದ ಪಾಠ ಹೆಜ್ಜೆ ನೋಡಿ ಇಡಬೇಕೆಂಬುದೇ ಹೊರತು ಕಾಡಿಗೆ ಕಾಲಿಡಬಾರದೆಂಬುದಲ್ಲ.

ಆದರೆ ಹಕ್ಕೊಂದೇ ಸಾಲದು. 2015ರಲ್ಲಿ ಯುದ್ಧದಿಂದ ಓಡಿ ಜರ್ಮನಿಗೆ ಬಂದ ನಿರಾಶ್ರಿತರಲ್ಲಿ ಹಲವರು, ತಮ್ಮ ಊರಿನ ಅಣಬೆಯಂತೆಯೇ ಕಂಡುದನ್ನು ಆರಿಸಿ ಉಂಡು ಆಸ್ಪತ್ರೆ ಸೇರಿದರು. ಸಾವೂ ಆಯಿತು. ಅದು ಹಸಿರು ಛಾಯೆಯ ಟೊಪ್ಪಿಗೆಯ ಮರಣದ ಅಣಬೆ. ಬೇಯಿಸಿದರೂ ಅದರ ವಿಷ ಹೋಗುವುದಿಲ್ಲ. ಉಂಡು ಆರು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಏನೂ ಕಾಣಿಸುವುದಿಲ್ಲ. ಆಮೇಲೆ ವಾಂತಿ, ಭೇದಿ. ನಡುವೆ ಗುಣವಾದಂತೆ ತೋರಿ ಕೊನೆಗೆ ಪಿತ್ತಜನಕಾಂಗ ಕೆಡುತ್ತದೆ. ಆಗ ಅಲ್ಲಿನ ವೈದ್ಯರು ನಿರಾಶ್ರಿತರ ಭಾಷೆಗಳಲ್ಲಿಯೇ ಎಚ್ಚರಿಕೆಯ ಚಿತ್ರಪತ್ರ ಅಚ್ಚು ಹಾಕಿಸಿ ಹಂಚಿದರು. ಹಕ್ಕು ಎಲ್ಲರದಾದರೆ ತಿಳಿವಳಿಕೆಯೂ ಎಲ್ಲರದಾಗಬೇಕು. ಬೆಳ್ಳಿ ಕಪ್ಪಾದರೆ ವಿಷ, ಹುಳು ತಿಂದದ್ದಾದರೆ ನಿರ್ಭಯ ಎಂಬ ಪರೀಕ್ಷೆಗಳನ್ನು ನಂಬಿದವರು ಕೆಟ್ಟಿದ್ದಾರೆ. ಗೊತ್ತಿಲ್ಲದ ಅಣಬೆಯನ್ನು ಬಿಟ್ಟುಬಿಡುವುದೇ ಸರಿಯಾದ ಪರೀಕ್ಷೆ.

ಈಗ ನಮ್ಮ ಮಲೆನಾಡಿಗೆ ಬರೋಣ. ಇಲ್ಲಿ ಅಣಬೆ ಏಳುವುದು ಮುಂಗಾರಿನಲ್ಲಿ. ಗೆದ್ದಲು ಹುತ್ತದೊಳಗೆ ಸಾಕಿದ ಬೂಸಲಿನಿಂದ ಎದ್ದ ಅಣಬೆಯನ್ನು ನಮ್ಮ ಅಕ್ಕತಂಗಿಯರು ಆರಿಸಿ, ಗಾರ್ಡು ಕಂಡಾನೆಂದು ಸೆರಗಿನಲ್ಲಿ ಮುಚ್ಚಿಕೊಂಡು ಬರುವುದನ್ನು ನಾವು ನೋಡಿದ್ದೇವೆ. ತಾಯಂದಿರು ಕಳ್ಳರಂತೆ ಏಕೆ ನಡೆಯಬೇಕು?

2006ರ ಅರಣ್ಯ ಹಕ್ಕು ಕಾಯಿದೆಯಲ್ಲಿ ಕಿರು ಅರಣ್ಯ ಉತ್ಪನ್ನದ ಒಡೆತನವನ್ನು ಪರಿಶಿಷ್ಟ ಬುಡಕಟ್ಟಿನವರಿಗೂ, ಮೂರು ತಲೆಮಾರು ಎಂದರೆ 75 ವರ್ಷ ಕಾಡನ್ನು ನಂಬಿ ಬಾಳಿದ ಇತರರಿಗೂ ಕೊಟ್ಟಿದೆ. ಅದರ ಪಟ್ಟಿಯಲ್ಲಿ ಬಿದಿರು, ಬೆತ್ತ, ಜೇನು, ಅರಗು, ಗೆಡ್ಡೆಗಳ ಹೆಸರಿದೆ, ಅಣಬೆಯ ಹೆಸರಿಲ್ಲ. ಸಸ್ಯಮೂಲದ ಉತ್ಪನ್ನವೆಂದು ಕಾಯಿದೆ ಹೇಳುತ್ತದೆ, ಅಣಬೆ ಸಸ್ಯವಲ್ಲವೆಂದು ವಿಜ್ಞಾನ ಹೇಳುತ್ತದೆ. ಇದನ್ನೇ ಹಿಡಿದು ನಾಳೆ ಯಾರಾದರೂ ವಾದ ಹೂಡಿಯಾರು. ಹುಳು ಮಾಡಿದ ಅರಗು, ನೊಣ ಮಾಡಿದ ಜೇನು ಪಟ್ಟಿಯಲ್ಲಿ ಸೇರಿರುವಾಗ ಗೆದ್ದಲು ಸಾಕಿದ ಅಣಬೆ ಏಕೆ ಹೊರಗುಳಿಯಬೇಕೆಂದು ನಾವು ಕೇಳಬೇಕು.

ಲೋಹಿಯಾ ಬರ್ಲಿನ್ನಿನಲ್ಲಿ ಡಾಕ್ಟರೇಟಿಗೆ ಆರಿಸಿದ ವಿಷಯ ಉಪ್ಪಿನ ತೆರಿಗೆ. ಸಮುದ್ರ ಕೊಟ್ಟ ಉಪ್ಪೂ ಕಾಡು ಕೊಟ್ಟ ಅಣಬೆಯೂ ಒಂದೇ ಪ್ರಶ್ನೆ.

ಆದ್ದರಿಂದ ನಮ್ಮ ಕೆಲಸ ಇಷ್ಟು. ಹಕ್ಕಿನ ಕೆಲಸ ಶುರುವಾಗುವುದು ಗ್ರಾಮಸಭೆಯಲ್ಲಿ. ಸಮುದಾಯ ಹಕ್ಕಿನ ಅರ್ಜಿ ಬರೆಯುವಾಗ ಅಣಬೆಯ ಹೆಸರನ್ನು ಬಿಡದೆ ಬರೆಸಿ. ಎಲ್ಲಿ, ಯಾವ ತಿಂಗಳು, ಯಾವ ಜಾತಿ ಎಂದು ಹೇಳಬಲ್ಲವರು ಊರಿನ ಅಜ್ಜಿಯರು. ಅವರನ್ನು ಕರೆದು ಮುಂದೆ ಕೂರಿಸಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ, ಮಕ್ಕಳಿಗೂ ಕಲಿಸಿ. ಮುಂದಿನ ಮುಂಗಾರಿನಲ್ಲಿ ಬುಟ್ಟಿಯ ಮೇಲೆ ಸೆರಗು ಮುಚ್ಚದೆ ನಮ್ಮ ತಾಯಂದಿರು ಮನೆಗೆ ಬರಲಿ.