ವಾಷ್ ಎಂದರೆ ಏನು?

ಇವತ್ತು ಒಂದು ಇಂಗ್ಲಿಷ್ ಪದದ ಬಗ್ಗೆ ಮಾತಾಡೋಣ. ಆ ಪದ ವಾಷ್. ಇದು ನಮಗೆ ಹೊಸದಲ್ಲ. ಹೋಟೆಲಿನಲ್ಲಿ ಕೈ ತೊಳೆಯುವ ಜಾಗ ವಾಷ್ ಬೇಸಿನ್. ಬಟ್ಟೆ ಒಗೆಯುವ ಯಂತ್ರ ವಾಷಿಂಗ್ ಮೆಷಿನ್.

ನಾವು ಕೈ ತೊಳೀತೀವಿ. ಬಟ್ಟೆ ಒಗೀತೀವಿ. ಪಾತ್ರೆ ತಿಕ್ಕುತೀವಿ. ಎಳೆ ಕೂಸಿಗೆ ನೀರು ಎರೀತೀವಿ. ನಮ್ಮಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ಮಾತು. ಇಂಗ್ಲಿಷಿನಲ್ಲಿ ಇವೆಲ್ಲಕ್ಕೂ ವಾಷ್ ಎಂದರೆ ಸಾಕು. ಹೊಳೆ ಉಕ್ಕಿ ಸೇತುವೆ ಕೊಚ್ಚಿಕೊಂಡು ಹೋದರೂ ಅದೇ ಪದ! ಆದ್ದರಿಂದ ಈ ಪದ ಕಂಡಾಗ ಕೇಳಬೇಕು. ಯಾವುದನ್ನು ತೊಳೆಯಬೇಕು? ಹೇಗೆ ತೊಳೆಯಬೇಕು?

ಇದನ್ನು ಯಾಕೆ ಹೇಳ್ತಿದ್ದೀನಿ ಗೊತ್ತೆ? ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ ಮೇಲೂ ಈ ಪದ ಇರುತ್ತೆ. ನಾವು ಔಷಧಿ ಅಂತೀವಿ. ಆದರೆ ಅದು ವಿಷ.

ವಿಷ ಮೈಗೆ ತಾಗಿತು ಅನ್ನಿ. ಆಗ ವಾಷ್ ಎಂದರೆ ಸೋಪು ಹಚ್ಚಿ ತುಂಬಾ ನೀರಿನಲ್ಲಿ ತೊಳೆಯುವುದು. ಕಣ್ಣಿಗೆ ಬಿತ್ತು ಅನ್ನಿ. ಆಗ ಸೋಪು ಬೇಡ. ಕಣ್ಣು ಉಜ್ಜಲೂ ಬೇಡಿ. ರೆಪ್ಪೆ ಅಗಲಿಸಿ, ಶುದ್ಧ ನೀರನ್ನು 15 ನಿಮಿಷ ಹಾಕುತ್ತಲೇ ಇರಬೇಕು. ಆಮೇಲೆ ಆಸ್ಪತ್ರೆಗೆ ಹೋಗಿ. ಡಬ್ಬಿಯ ಚೀಟಿಯನ್ನು ಡಾಕ್ಟರಿಗೆ ತೋರಿಸಿ.

ಔಷಧಿ ಹೊಡೆದಾಗ ಹಾಕಿದ್ದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ. ಮಕ್ಕಳ ಬಟ್ಟೆಯ ಜೊತೆ ಸೇರಿಸಬೇಡಿ. ಔಷಧಿ ಪಂಪನ್ನು ಕೆರೆಯಲ್ಲಿ, ಹೊಳೆಯಲ್ಲಿ ತೊಳೆಯಬೇಡಿ. ಆ ನೀರನ್ನು ದನಕರು ಕುಡಿಯುತ್ತವೆ.

ಇನ್ನೊಂದು ಮಾತು. ಖಾಲಿ ಡಬ್ಬಿಯನ್ನು ಚೆನ್ನಾಗಿ ತೊಳೆದರೆ ಸಾಕು, ಮನೆಗೆ ಬಳಸಬಹುದು ಅಂತ ಕೆಲವರು ಹೇಳ್ತಾರೆ. ಅದು ತಪ್ಪು. ಎಷ್ಟು ತೊಳೆದರೂ ಅದರಲ್ಲಿ ನೀರು, ಎಣ್ಣೆ, ಕಾಳು ತುಂಬಬಾರದು.

ಡಬ್ಬಿ ಮೇಲೆ ಚೌಕದ ಗುರುತು ಇರುತ್ತೆ. ಅದರ ಕೆಳಗಿನ ಅರ್ಧದ ಬಣ್ಣ ನೋಡಿ. ಕೆಂಪು ಎಂದರೆ ಅತಿ ಘೋರ ವಿಷ. ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಇದ್ದರೂ ಎಚ್ಚರ ತಪ್ಪಬೇಡಿ.

ಅಂಗಡಿಯಲ್ಲಿ ಡಬ್ಬಿ ಕೊಳ್ಳುವಾಗ ಕನ್ನಡದ ಚೀಟಿ ಕೇಳಿ. ಈಗ ನಿಮಗೆ ಓದಲು ಬರುತ್ತೆ. ಮನೆಯವರಿಗೂ ಓದಿ ಹೇಳಿ. ಮೊದಲು ಚೀಟಿ ಓದಿ. ಆಮೇಲೆ ಮುಚ್ಚಳ ತೆಗೆಯಿರಿ.